ಹಳೆಯ ದೊಡ್ಡ ಪುಸ್ತಕಗಳನ್ನು ಖುಷಿಯಿಂದ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಾಸಿಕ್ ಓದಬೇಕೆಂಬ ಆಸೆ ಬಹಳ ಜನರಿಗಿದೆ. ಪುಸ್ತಕ ತಂದೂ ಇಟ್ಟಿರುತ್ತಾರೆ. ಹತ್ತು ಪುಟ ಆಗುವಷ್ಟರಲ್ಲಿ ಆಕಳಿಕೆ ಬರುತ್ತದೆ, ಆಮೇಲೆ ‘ನನಗೆ ಇದೆಲ್ಲ ತಲೆಗೆ ಹತ್ತಲ್ಲ’ ಎಂಬ ತೀರ್ಮಾನ. ನಾನೂ ಅದೇ ಗುಂಪಿನವನು. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯನ್ನು ಮೂರು ಸಲ ಶುರು ಮಾಡಿ, ಮೂರು ಸಲವೂ ಮೊದಲ ಅಧ್ಯಾಯಗಳ ಪಾರ್ಟಿಯಿಂದಲೇ ಎದ್ದು ಬಂದವನು. ನಾಲ್ಕನೇ ಸಲ ದಡ ಮುಟ್ಟಿದೆ. ಅಷ್ಟರಲ್ಲಿ ನಾನೇನೂ ಜಾಣನಾಗಿರಲಿಲ್ಲ, ಓದುವ ರೀತಿ ಬದಲಾಗಿತ್ತು ಅಷ್ಟೇ. ಗೆಳೆಯರು ಆಗಾಗ ಕೇಳುವ ಪ್ರಶ್ನೆಗಳಿಗೆ ಆ ಅನುಭವದಿಂದಲೇ ಉತ್ತರ ಬರೆದಿದ್ದೇನೆ.

ಕ್ಲಾಸಿಕ್ ಅಂದರೆ ಯಾವುದು? ಅದನ್ನು ಯಾರು ತೀರ್ಮಾನ ಮಾಡುತ್ತಾರೆ?

ಬರೆದವರು ಸತ್ತು, ಅವರನ್ನು ಹೊಗಳಿದವರೂ ಸತ್ತು, ಆಮೇಲೂ ಜನ ಓದುತ್ತಲೇ ಇದ್ದರೆ ಅದು ಕ್ಲಾಸಿಕ್. ನನಗೆ ಇಷ್ಟು ವಿವರಣೆ ಸಾಕು.

ಆದರೆ ಈ ಪಟ್ಟಿಯನ್ನು ಯಾರೂ ಕಲ್ಲಿನಲ್ಲಿ ಕೆತ್ತಿಲ್ಲ. ಹರ್ಮನ್ ಮೆಲ್ವಿಲ್‌ನ ‘ಮೋಬಿ ಡಿಕ್’ ಬಂದದ್ದು 1851ರಲ್ಲಿ. ಪುಸ್ತಕ ಸರಿಯಾಗಿ ಓಡಲಿಲ್ಲ. 1891ರಲ್ಲಿ ಅವನು ತೀರಿಕೊಂಡಾಗ ಜನ ಅವನನ್ನು ಹೆಚ್ಚುಕಮ್ಮಿ ಮರೆತೇಬಿಟ್ಟಿದ್ದರು. 1920ರ ದಶಕದಲ್ಲಿ ಓದುಗರು ಮತ್ತೆ ಹುಡುಕಿ ತೆಗೆದ ಮೇಲೆ ಅದು ‘ಮಹಾ ಕಾದಂಬರಿ’ ಆಯಿತು. ಹಾಗಾಗಿ ಪಟ್ಟಿಯಲ್ಲಿರುವುದೆಲ್ಲ ನಿಮಗೂ ಹಿಡಿಸಲೇಬೇಕು ಅಂತೇನಿಲ್ಲ. ಪಟ್ಟಿಯ ಹೊರಗೆ ಒಳ್ಳೆಯ ಪುಸ್ತಕ ಇರಲಾರದು ಅಂತಲೂ ಅಲ್ಲ.

ಓದಲೇಬೇಕಾ?

ಬೇಡ. ಯಾರೂ ಪರೀಕ್ಷೆ ಇಟ್ಟಿಲ್ಲ.

ಎಲ್ಲಿಂದ ಶುರು ಮಾಡಲಿ?

ಸಣ್ಣ ಪುಸ್ತಕದಿಂದ. ‘ಎಲ್ಲಕ್ಕಿಂತ ದೊಡ್ಡದು ಯಾವುದು’ ಎಂದು ಹುಡುಕಿ ಅದರಿಂದಲೇ ಶುರು ಮಾಡುವವರನ್ನು ನೋಡಿದ್ದೇನೆ. ಈಜು ಕಲಿಯಲು ನೇರ ಸಮುದ್ರಕ್ಕೆ ಹಾರಿದ ಹಾಗೆ.

ಒಂದೆರಡು ಕೂತರೆ ಮುಗಿಯುವ ಪುಸ್ತಕಗಳು ಬೇಕಾದಷ್ಟಿವೆ. ಗೊಗೊಲ್‌ನ ‘ಓವರ್‌ಕೋಟ್’ (1842) ಒಬ್ಬ ಬಡ ನಕಲುಗುಮಾಸ್ತನ ಕತೆ. ಹೊಟ್ಟೆ ಬಟ್ಟೆ ಕಟ್ಟಿ ಹೊಸ ಕೋಟು ಹೊಲಿಸುತ್ತಾನೆ, ಅದನ್ನು ಹಾಕಿಕೊಂಡು ಹೋದ ರಾತ್ರಿಯೇ ಕಳ್ಳರು ಕಿತ್ತುಕೊಳ್ಳುತ್ತಾರೆ. ಕಾಫ್ಕಾನ ‘ಮೆಟಮಾರ್ಫೊಸಿಸ್’ (1915) ಕತೆಯಲ್ಲಿ ಒಬ್ಬ ಬೆಳಿಗ್ಗೆ ಎದ್ದಾಗ ದೊಡ್ಡ ಹುಳುವಾಗಿರುತ್ತಾನೆ. ಆದರೂ ಅವನ ಮೊದಲ ಚಿಂತೆ ರೈಲು ತಪ್ಪಿತಲ್ಲ, ಕೆಲಸಕ್ಕೆ ತಡವಾಯಿತಲ್ಲ ಅಂತ. ನೌಕರಿ ಮಾಡುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟಾಲ್‌ಸ್ಟಾಯ್ ಕೂಡ ಸಣ್ಣದು ಬರೆದಿದ್ದಾನೆ. 1886ರ ‘ಇವಾನ್ ಇಲಿಚ್‌ನ ಸಾವು’ ಶುರುವಾಗುವುದೇ ಸಹೋದ್ಯೋಗಿಗಳು ಪೇಪರಿನಲ್ಲಿ ಅವನ ಸಾವಿನ ಸುದ್ದಿ ನೋಡುವುದರಿಂದ. ಪಾಪ ಅನ್ನುವ ಮೊದಲೇ ಒಬ್ಬೊಬ್ಬರೂ ‘ಅವನ ಜಾಗ ಯಾರಿಗೆ ಸಿಗಬಹುದು’ ಎಂದು ಲೆಕ್ಕ ಹಾಕುತ್ತಾರೆ.

ಇವುಗಳಲ್ಲಿ ಒಂದನ್ನು ಓದಿ. ಬರೆದವನು ಹಿಡಿಸಿದರೆ ಅವನ ದೊಡ್ಡ ಪುಸ್ತಕಕ್ಕೆ ಹೋಗಿ. ಅಷ್ಟು ಹೊತ್ತಿಗೆ ಅವನ ದನಿ ಪರಿಚಯವಾಗಿರುತ್ತದೆ. ಪರಿಚಯದವರು ಜಾಸ್ತಿ ಮಾತಾಡಿದರೆ ನಾವು ತಡೆದುಕೊಳ್ಳುತ್ತೇವೆ, ಅಲ್ವಾ?

ಮೊದಲ ಐವತ್ತು ಪುಟ ದಾಟುವುದೇ ಕಷ್ಟ. ಏನು ಮಾಡಲಿ?

ನಿಜವಾದ ತೊಡಕು ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇವತ್ತಿನ ಕಾದಂಬರಿ, ಸಿನಿಮಾ, ಸೀರಿಯಲ್ ಎಲ್ಲವೂ ಮೊದಲ ಐದು ನಿಮಿಷದಲ್ಲೇ ನಮ್ಮನ್ನು ಹಿಡಿದುಕೊಳ್ಳಲು ನೋಡುತ್ತವೆ. ಹಳೆಯ ಪುಸ್ತಕಗಳಿಗೆ ಆ ಆತುರ ಇರಲಿಲ್ಲ. ಹೋಮರನ ‘ಒಡಿಸ್ಸಿ’ಯಲ್ಲಿ ಒಟ್ಟು 24 ಭಾಗ. ನಾಯಕ ಒಡಿಸ್ಯೂಸ್ ನಮ್ಮ ಕಣ್ಣಿಗೆ ಬೀಳುವುದು ಐದನೆಯದರಲ್ಲಿ. ಅಲ್ಲಿಯವರೆಗೆ ಮಗ ಅಪ್ಪನನ್ನು ಹುಡುಕುತ್ತಿರುತ್ತಾನೆ, ಮನೆ ತುಂಬ ಬೇಡದ ಅತಿಥಿಗಳು ಕೂತು ತಿನ್ನುತ್ತಿರುತ್ತಾರೆ. ನಾಯಕ ಯಾವಾಗ ಬರುತ್ತಾನೆ ಎಂದು ಕಾಯುತ್ತಾ ಕೂತರೆ ಬೇಸರ ಬರುವುದು ಸಹಜ. ‘ಯಜಮಾನ ಇಲ್ಲದ ಮನೆ ಹೇಗಿರುತ್ತದೆ ನೋಡೋಣ’ ಎಂದು ಓದಿದರೆ ಅದೇ ನಾಲ್ಕು ಭಾಗ ಬಹಳ ಚೆನ್ನಾಗಿವೆ.

ನಾನು ಮಾಡಿದ್ದು ಸುಲಭದ ಕೆಲಸ. ‘ಯುದ್ಧ ಮತ್ತು ಶಾಂತಿ’ಯಲ್ಲಿ ಒಟ್ಟು 361 ಅಧ್ಯಾಯಗಳಿವೆ. ಹೆಚ್ಚಿನವು ನಾಲ್ಕೈದು ಪುಟದವು. ದಿನಕ್ಕೊಂದರಂತೆ ಓದಿದರೆ ಸರಿಯಾಗಿ ಒಂದು ವರ್ಷ, ನಾಲ್ಕು ದಿನ ರಜೆಯೂ ಸಿಗುತ್ತದೆ. ರಾತ್ರಿ ಮಲಗುವ ಮುಂಚೆ ಒಂದು ಅಧ್ಯಾಯ ಎಂದು ಇಟ್ಟುಕೊಂಡೆ. ಮೊದಲ ತಿಂಗಳು ಯಾರು ಯಾರ ನೆಂಟ ಎಂಬುದೇ ತಿಳಿಯಲಿಲ್ಲ. ಮದುವೆ ಮನೆಗೆ ಹೋದಾಗಲೂ ಹಾಗೇ ಅಲ್ಲವೇ? ಮೂರನೇ ತಿಂಗಳಿಗೆ ದಿನಕ್ಕೆ ಎರಡು, ಮೂರು ಅಂತ ಓದತೊಡಗಿದೆ. ಲೆಕ್ಕ ತಪ್ಪಿ ಏಳು ತಿಂಗಳಿಗೇ ಮುಗಿಯಿತು.

ಅಷ್ಟು ಉದ್ದ ಯಾಕೆ ಬರೆಯುತ್ತಿದ್ದರು? ಪದಕ್ಕಿಷ್ಟು ಅಂತ ದುಡ್ಡು ಸಿಗುತ್ತಿತ್ತಂತೆ?

ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಬಗ್ಗೆ ಈ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಅದು ನಿಜವಲ್ಲ. ಅವನಿಗೆ ಹಣ ಸಿಗುತ್ತಿದ್ದದ್ದು ಕಂತಿನ ಲೆಕ್ಕದಲ್ಲಿ. ಉದ್ದದ ಗುಟ್ಟು ಆ ಕಂತಿನಲ್ಲೇ ಇದೆ. ಅವನ ‘ಪಿಕ್‌ವಿಕ್ ಪೇಪರ್ಸ್’ 1836–37ರಲ್ಲಿ ತಿಂಗಳಿಗೊಂದು ಕಂತಾಗಿ ಬಂತು. ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ವಾರ ವಾರ ಬಂತು. ‘ಯುದ್ಧ ಮತ್ತು ಶಾಂತಿ’ಯ ಮೊದಲ ಭಾಗಗಳೂ 1865ರಿಂದ ಪತ್ರಿಕೆಯಲ್ಲೇ ಅಚ್ಚಾದವು. ಪೂರ್ತಿ ಪುಸ್ತಕ ಸಿಕ್ಕಿದ್ದು 1869ರಲ್ಲಿ.

ಅಂದರೆ ಆ ಕಾಲದವರು ಇವನ್ನು ಒಂದೇ ಗುಕ್ಕಿಗೆ ಓದಲೇ ಇಲ್ಲ. ವಾರಕ್ಕೊಮ್ಮೆ ಒಂದೆರಡು ಅಧ್ಯಾಯ, ನಡುವೆ ‘ಮುಂದೇನಾಗುತ್ತೆ’ ಎಂಬ ಹರಟೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದು ಓದಿದವರಿಗೆ ಈ ಸುಖ ಗೊತ್ತು. ಹಳೆಯ ಪಾತ್ರ ಮತ್ತೆ ಬಂದಾಗ ಅದರ ಚಾಳಿಯನ್ನೋ ಮಾತಿನ ರೀತಿಯನ್ನೋ ಲೇಖಕ ಮತ್ತೆ ಮತ್ತೆ ತೋರಿಸುವುದೂ ಅದಕ್ಕೇ. ಹೋದ ತಿಂಗಳು ಓದಿದವನಿಗೆ ನೆನಪಾಗಬೇಕಲ್ಲ. ಆ ಪುಸ್ತಕವನ್ನು ನಾವು ವಾರಾಂತ್ಯದಲ್ಲಿ ಮುಗಿಸಲು ಕೂತು, ‘ಹೇಳಿದ್ದನ್ನೇ ಹೇಳ್ತಾನೆ’ ಎಂದು ಬೈಯುತ್ತೇವೆ. ತಪ್ಪು ಅವನದಲ್ಲ.

ಹೆಸರುಗಳೇ ನೆನಪಿರುವುದಿಲ್ಲ. ಅದರಲ್ಲೂ ರಷ್ಯನ್ ಹೆಸರು!

ಒಂದು ಗುಟ್ಟು ತಿಳಿದರೆ ಅರ್ಧ ಕಷ್ಟ ಹೋಗುತ್ತದೆ. ರಷ್ಯನ್ನರಲ್ಲಿ ಹೆಸರು, ಅಪ್ಪನ ಹೆಸರಿನಿಂದ ಬಂದ ಇನ್ನೊಂದು ಹೆಸರು, ಮನೆತನದ ಹೆಸರು, ಹೀಗೆ ಮೂರಿರುತ್ತವೆ. ‘ಅಪರಾಧ ಮತ್ತು ಶಿಕ್ಷೆ’ಯ ನಾಯಕ ರೋಡಿಯೋನ್ ರೊಮಾನೊವಿಚ್ ರಸ್ಕೊಲ್ನಿಕೊವ್. ರೊಮಾನೊವಿಚ್ ಅಂದರೆ ರೊಮಾನನ ಮಗ. ಮರ್ಯಾದೆಯಿಂದ ಮಾತಾಡುವವರು ರೋಡಿಯೋನ್ ರೊಮಾನೊವಿಚ್ ಅನ್ನುತ್ತಾರೆ, ಅಮ್ಮ ರೋಡ್ಯಾ ಅನ್ನುತ್ತಾಳೆ. ಯಾರು ಹೇಗೆ ಕರೆದರು ಎಂಬುದರಲ್ಲೇ ಸಂಬಂಧ ಗೊತ್ತಾಗುತ್ತದೆ. ಶ್ರೀನಿವಾಸರಾಯರು, ಶ್ರೀನಿವಾಸ, ಸೀನ, ಈ ಮೂವರೂ ಒಬ್ಬನೇ ಎಂದು ನಮಗೆ ಯಾರಾದರೂ ಹೇಳಿಕೊಡಬೇಕಾ?

ಪುಸ್ತಕದ ಗುರುತುಚೀಟಿಯ ಮೇಲೆಯೇ ಹತ್ತು ಹೆಸರು ಬರೆದುಕೊಳ್ಳಿ. ಇಂಟರ್ನೆಟ್‌ನಲ್ಲಿ ಪಾತ್ರಗಳ ಪಟ್ಟಿ ಹುಡುಕಬೇಡಿ. ಎರಡನೇ ಸಾಲಿನಲ್ಲೇ ಯಾರು ಸಾಯುತ್ತಾರೆ ಎಂದು ಬರೆದಿರುತ್ತಾರೆ.

ಬೋರ್ ಹೊಡೆಸುವ ಭಾಗ ಹಾರಿಸಿ ಓದಿದರೆ ತಪ್ಪಾ?

ತಪ್ಪಲ್ಲ, ಆದರೆ ಹಾರಿಸುವುದಕ್ಕೂ ಒಂದು ಹದ ಇದೆ. ವಿಕ್ಟರ್ ಹ್ಯೂಗೊನ ‘ಲೆ ಮಿಸರಬಲ್’ (1862) ನೋಡಿ. ಕತೆ ಜೋರಾಗಿ ಓಡುತ್ತಿರುವಾಗ ಎರಡನೇ ಸಂಪುಟದ ಆರಂಭದಲ್ಲಿ ವಾಟರ್‌ಲೂ ಯುದ್ಧದ ವರ್ಣನೆ, ಸತತ 19 ಅಧ್ಯಾಯ. ನಾಯಕನ ಸುಳಿವೇ ಇಲ್ಲ. ನಾನು ಧೈರ್ಯ ಮಾಡಿ ಪೂರ್ತಿ ಹಾರಿಸಿದೆ. ಆಮೇಲೆ ತಿಳಿಯಿತು: ಆ 19ರಲ್ಲಿ ಕೊನೆಯದರಲ್ಲಿ, ಯುದ್ಧ ಮುಗಿದ ರಾತ್ರಿ, ಹೆಣಗಳ ನಡುವೆ ಇಬ್ಬರು ಎದುರಾಗುತ್ತಾರೆ. ಮುಂದಿನ ಕತೆಯ ಒಂದು ದೊಡ್ಡ ಗಂಟು ಬೀಳುವುದು ಅಲ್ಲಿ. ಮುನ್ನೂರು ಪುಟ ಹೋದ ಮೇಲೆ ‘ಇವರಿಗೂ ಅವರಿಗೂ ಏನು ಸಂಬಂಧ’ ಎಂದು ತಲೆ ಕೆರೆದುಕೊಂಡು ವಾಪಸ್ ಬಂದೆ.

ಅದಕ್ಕೇ ಈಗ ಹಾರಿಸುವಾಗ ಪ್ರತಿ ಅಧ್ಯಾಯದ ಮೊದಲ ಪ್ಯಾರಾ, ಕೊನೆಯ ಪ್ಯಾರಾ ನೋಡಿಕೊಳ್ಳುತ್ತೇನೆ. ‘ಮೋಬಿ ಡಿಕ್’ನಲ್ಲಿ ತಿಮಿಂಗಿಲಗಳ ಜಾತಿ ವಿಂಗಡಣೆಗೇ ಒಂದು ಅಧ್ಯಾಯವಿದೆ, 32ನೆಯದು. ಅದನ್ನು ಬಿಟ್ಟರೆ ಕತೆಗೆ ನಷ್ಟವಿಲ್ಲ. ಎರಡನೇ ಓದಿನಲ್ಲಿ ಮಾತ್ರ ನನಗೆ ಅದೇ ಇಷ್ಟವಾಯಿತು. ತಿಮಿಂಗಿಲವನ್ನು ಮೀನು ಎಂದೇ ಹಟ ಹಿಡಿದು ವಾದಿಸುವ ಆ ನಿರೂಪಕ ಬಲೇ ತಮಾಷೆಯವನು.

ಸಂಕ್ಷಿಪ್ತ ಆವೃತ್ತಿ ಓದಿದರೆ ಸಾಕಾ?

ಮಕ್ಕಳಿಗೆ ಸರಿ. ದೊಡ್ಡವರಿಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ‘ಗಲಿವರನ ಪ್ರವಾಸ’ ಅಂದರೆ ಬಹಳ ಜನರಿಗೆ ನೆನಪಾಗುವುದು ಅಂಗೈ ಅಗಲದ ಮನುಷ್ಯರ ಊರು. 1726ರ ಮೂಲ ಪುಸ್ತಕದಲ್ಲಿ ನಾಲ್ಕು ಪ್ರವಾಸಗಳಿವೆ. ಕೊನೆಯದರಲ್ಲಿ ಬುದ್ಧಿವಂತ ಕುದುರೆಗಳ ನಾಡಿಗೆ ಹೋಗಿ ಬಂದ ಗಲಿವರನಿಗೆ ಮನುಷ್ಯರ ವಾಸನೆಯೇ ಸಹಿಸುವುದಿಲ್ಲ, ಹೆಂಡತಿ ಮಕ್ಕಳನ್ನೂ ಹತ್ತಿರ ಸೇರಿಸುವುದಿಲ್ಲ. ಅಷ್ಟು ಕಹಿಯಾದ ಪುಸ್ತಕ ಕತ್ತರಿ ಬಿದ್ದು ಮಕ್ಕಳ ಕತೆಯಾಯಿತು. ಸಮಯವಿಲ್ಲದಿದ್ದರೆ ದೊಡ್ಡ ಪುಸ್ತಕದ ಸಾರ ಓದುವ ಬದಲು ಸಣ್ಣ ಪುಸ್ತಕವನ್ನು ಪೂರ್ತಿ ಓದಿ.

ಅನುವಾದದಲ್ಲಿ ಓದಿದರೆ ಓದಿದ ಹಾಗೆ ಆಗುತ್ತಾ?

ಆಗುತ್ತದೆ. ಟಾಲ್‌ಸ್ಟಾಯ್, ಸರ್ವಾಂಟಿಸ್, ಹೋಮರ್ ಮೂವರನ್ನೂ ಅವರವರ ಭಾಷೆಯಲ್ಲೇ ಓದುತ್ತೇನೆಂದು ಕೂತರೆ ಆಯಸ್ಸು ಸಾಲದು. ಕನ್ನಡದಲ್ಲಿ ಸಿಗುವುದನ್ನು ಕನ್ನಡದಲ್ಲೇ ಓದಿ. ಇಂಗ್ಲಿಷ್‌ನಲ್ಲಿ ಓದಿದರೆ ಜಾಸ್ತಿ ಬೆಲೆ ಎಂಬ ಭ್ರಮೆ ಬೇಡ, ರಷ್ಯನ್ ಪುಸ್ತಕಕ್ಕೆ ಅದೂ ಅನುವಾದವೇ.

ಆದರೆ ಯಾರ ಅನುವಾದ ಎಂಬುದು ಮುಖ್ಯ. ಒಂದೇ ಪುಸ್ತಕಕ್ಕೆ ಎರಡು ಮೂರು ಅನುವಾದ ಇದ್ದರೆ ಒಂದೇ ಪುಟವನ್ನು ಎರಡರಲ್ಲೂ ಓದಿ ನೋಡಿ. ಎಲ್ಲಿ ಜನ ಜನರಂತೆ ಮಾತಾಡುತ್ತಾರೋ ಅದನ್ನು ತೆಗೆದುಕೊಳ್ಳಿ. ಎಷ್ಟೋ ಸಲ ‘ಈ ಲೇಖಕ ಒಣಗಲು’ ಎಂದು ನಾವು ಬಿಟ್ಟಿರುತ್ತೇವೆ. ಒಣಗಿದ್ದು ಅನುವಾದ.

ಹಳಗನ್ನಡ ಓದಲು ಸಾಧ್ಯವಾ, ಅಥವಾ ಅದು ಪಂಡಿತರಿಗೆ ಮಾತ್ರವಾ?

ಸಾಧ್ಯ, ಮತ್ತು ಅಂದುಕೊಂಡಷ್ಟು ದೂರವಿಲ್ಲ. ಹೊಸ ಭಾಷೆ ಕಲಿಯುವ ಕೆಲಸ ಅಲ್ಲ ಇದು. ನಮ್ಮದೇ ಭಾಷೆಯ ಹಳೆಯ ವೇಷ ಗುರುತಿಸುವ ಕೆಲಸ. ಒಂದೇ ಒಂದು ಸೂತ್ರ ನೋಡಿ: ಹಳಗನ್ನಡದ ಎಷ್ಟೋ ಪದಗಳ ಮೊದಲ ‘ಪ’ ನಮ್ಮ ಕಾಲಕ್ಕೆ ‘ಹ’ ಆಗಿದೆ. ಪಾಲ್ ಅಂದರೆ ಹಾಲು, ಪುಲಿ ಅಂದರೆ ಹುಲಿ, ಪಗಲ್ ಅಂದರೆ ಹಗಲು, ಪೆಸರ್ ಅಂದರೆ ಹೆಸರು. ಇನ್ನೊಂದು: ‘ಮನೆಯೊಳ್’ ಎಂದರೆ ಮನೆಯಲ್ಲಿ, ‘ಮರನಂ’ ಎಂದರೆ ಮರವನ್ನು. ಇಷ್ಟರಿಂದಲೇ ಒಂದು ಸಾಲಿನಲ್ಲಿ ಎರಡು ಮೂರು ಪದ ತಾವಾಗಿ ಕಣ್ಣು ಬಿಡುತ್ತವೆ.

ಪಂಪನಿಂದಲೇ ಶುರು ಮಾಡಬೇಕೆಂದಿಲ್ಲ. ಕುಮಾರವ್ಯಾಸನ ನಡುಗನ್ನಡ ನಮಗೆ ಹತ್ತಿರ. ಅವನ ಭಾಮಿನಿ ಷಟ್ಪದಿಗೆ ಬಾಯಿ ಹತ್ತಿದರೆ ಅರ್ಥ ಅರೆಬರೆಯಾದರೂ ಓಟ ನಿಲ್ಲುವುದಿಲ್ಲ. ಮೊದಲು ಗಮಕ ಕೇಳಿ. ಒಬ್ಬರು ಹಾಡಿ ಓದುತ್ತಾರೆ, ಇನ್ನೊಬ್ಬರು ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಾರೆ. ಅಕ್ಷರ ಬಾರದವರೂ ಎಷ್ಟೋ ತಲೆಮಾರು ಭಾರತದ ಕತೆಯನ್ನು ಹೀಗೇ ಸವಿದರು. ನಾವು ಮಾತ್ರ ಒಬ್ಬರೇ ಕೂತು, ಬಾಯಿ ಮುಚ್ಚಿಕೊಂಡು, ನಿಘಂಟು ಹಿಡಿದು ಹೆಣಗುತ್ತೇವೆ.

ಧೈರ್ಯ ಬಂದ ಮೇಲೆ ಜನ್ನನ ‘ಯಶೋಧರ ಚರಿತೆ’ಗೆ (1209) ಹೋಗಿ. ಚಿಕ್ಕ ಕಾವ್ಯ. ರಾಜನ ಹೆಂಡತಿ ರಾತ್ರಿ ಹಾಡು ಕೇಳಿ ಆನೆಯ ಮಾವುತನಿಗೆ ಮನಸೋಲುವ ಕತೆ. ಎಂಟುನೂರು ವರ್ಷವಾದರೂ ಅದರ ಕಸಿವಿಸಿ ಹೋಗಿಲ್ಲ. ಗದ್ಯಾನುವಾದ ಪಕ್ಕದಲ್ಲಿರುವ ಪ್ರತಿ ಆರಿಸಿ. ಮೊದಲು ಗದ್ಯ ಓದಿ, ಆಮೇಲೆ ಪದ್ಯವನ್ನು ಗಟ್ಟಿಯಾಗಿ ಓದಿ. ಮೇಷ್ಟ್ರು ಕೇಳಿದರೆ ಉಲ್ಟಾ ಹೇಳಿಯಾರು. ನನಗೆ ಇದೇ ನಡೆಯಿತು.

ಮುನ್ನುಡಿ ಮೊದಲು ಓದಬೇಕಾ?

ಕೊನೆಗೆ ಓದಿ. ಕ್ಲಾಸಿಕ್‌ಗಳಿಗೆ ಮುನ್ನುಡಿ ಬರೆಯುವವರು ‘ಕತೆ ಎಲ್ಲರಿಗೂ ಗೊತ್ತೇ ಇದೆ’ ಎಂದುಕೊಂಡು ಕೊನೆಯನ್ನೂ ಹೇಳಿಬಿಡುತ್ತಾರೆ. ಹಾಗಂತ ಕೊನೆ ಗೊತ್ತಾದರೆ ಪುಸ್ತಕ ಹಾಳಾಯಿತು ಅಂತಲೂ ಅಲ್ಲ. ಗ್ರೀಕ್ ನಾಟಕ ನೋಡಲು ಬಂದವರಿಗೆ ಈಡಿಪಸ್ ಯಾರನ್ನು ಕೊಂದಿದ್ದಾನೆಂದು ಮೊದಲೇ ಗೊತ್ತಿತ್ತು. ಕರ್ಣ ಸಾಯುತ್ತಾನೆಂದು ಗೊತ್ತಿದ್ದೇ ನಾವು ಕರ್ಣಪರ್ವಕ್ಕೆ ಕಣ್ಣೀರು ಹಾಕುತ್ತೇವೆ.

ಆ ಕಾಲದ ವಿಷಯ ಏನೂ ಗೊತ್ತಿಲ್ಲ. ಇತಿಹಾಸ ಓದಿಕೊಂಡು ಬರಬೇಕಾ?

ಬೇಡ. ಎಲ್ಲಿ ಸಿಕ್ಕಿಕೊಳ್ಳುತ್ತೀರೋ ಅಲ್ಲಿ ಒಂದು ವಿಷಯ ತಿಳಿದುಕೊಂಡರೆ ಸಾಕು. ಜೇನ್ ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲಿ (1813) ಐದು ಹೆಣ್ಣುಮಕ್ಕಳ ತಾಯಿ ಮದುವೆ ಮದುವೆ ಎಂದು ಬಡಬಡಿಸುವುದನ್ನು ನೋಡಿ ನಗು ಬರುತ್ತದೆ. ಆದರೆ ಆ ಮನೆಯ ಆಸ್ತಿಗೆ ಒಂದು ಕಟ್ಟು ಇದೆ: ಅದು ಗಂಡು ವಾರಸುದಾರನಿಗೇ ಹೋಗಬೇಕು. ಅಪ್ಪ ಕಣ್ಣು ಮುಚ್ಚಿದ ದಿನ ಆಸ್ತಿ ದೂರದ ನೆಂಟನ ಪಾಲು, ತಾಯಿ ಮಕ್ಕಳು ಅವನ ದಯೆಗೆ ಕಾಯಬೇಕು. ಇನ್ನು ವರಮಾನದ ಲೆಕ್ಕ. ಅಪ್ಪನಿಗೆ ವರ್ಷಕ್ಕೆ 2,000 ಪೌಂಡ್, ಕತೆಯ ನಾಯಕ ಡಾರ್ಸಿಗೆ 10,000. ಇದು ತಿಳಿದ ಮೇಲೆ ನಾಯಕಿ ಬೇಡ ಎಂದು ಹೇಳುವ ಎರಡು ಮದುವೆ ಪ್ರಸ್ತಾಪಗಳನ್ನು ಮತ್ತೆ ಓದಿ. ಮೊದಲನೆಯವನು ಆ ಮನೆಗೇ ವಾರಸುದಾರ! ನಗಿಸುವ ಕಾದಂಬರಿ ಇದ್ದಕ್ಕಿದ್ದಂತೆ ಧೈರ್ಯದ ಕತೆಯಾಗುತ್ತದೆ. ತಾಯಿಯನ್ನು ನೋಡಿ ಮೊದಲಿನಷ್ಟು ನಗಲು ನನಗಂತೂ ಆಗಲಿಲ್ಲ.

ಬೇರೆ ಜನಾಂಗದವರ ಬಗ್ಗೆ, ಹೆಂಗಸರ ಬಗ್ಗೆ ಬರೆದದ್ದು ಅಸಹ್ಯ ಅನಿಸುತ್ತದೆ. ಹೇಗೆ ತಡೆದುಕೊಳ್ಳುವುದು?

ತಡೆದುಕೊಳ್ಳಲೇಬೇಕು ಎಂದು ನಾನು ಹೇಳುವುದಿಲ್ಲ. ‘ಆ ಕಾಲ ಹಾಗಿತ್ತು ಬಿಡಿ’ ಎಂದು ಒರೆಸಿ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಆ ಕಾಲದಲ್ಲೂ ಅದರಿಂದ ನೋವು ತಿಂದವರಿದ್ದರು.

ಜೋಸೆಫ್ ಕಾನ್ರಾಡ್‌ನ ‘ಹಾರ್ಟ್ ಆಫ್ ಡಾರ್ಕ್‌ನೆಸ್’ 1899ರಲ್ಲಿ ಬಂತು. ವಸಾಹತುಗಾರರ ಕ್ರೌರ್ಯ ಬಯಲು ಮಾಡಿದ ಪುಸ್ತಕ ಎಂದು ಹೆಸರಾಯಿತು. 1975ರಲ್ಲಿ ನೈಜೀರಿಯಾದ ಚಿನುವ ಅಚೆಬೆ ಒಂದು ಉಪನ್ಯಾಸದಲ್ಲಿ ಬೇರೆಯದೇ ಪ್ರಶ್ನೆ ಎತ್ತಿದರು. ಇದರಲ್ಲಿ ಆಫ್ರಿಕಾದವರು ಮನುಷ್ಯರಾಗಿ ಎಲ್ಲಿದ್ದಾರೆ, ಬರಿಯ ಹಿನ್ನೆಲೆ ಚಿತ್ರವಲ್ಲವೇ ಅಂತ. ಅಚೆಬೆ ಪುಸ್ತಕವನ್ನು ಓದದೆ ಬಿಟ್ಟವರಲ್ಲ, ಎಲ್ಲರಿಗಿಂತ ಹತ್ತಿರದಿಂದ ಓದಿದವರು. ಇನ್ನೊಂದು ಉದಾಹರಣೆ: ‘ಜೇನ್ ಐರ್’ನಲ್ಲಿ (1847) ಅಟ್ಟದ ಮೇಲೆ ಕೂಡಿಹಾಕಿದ ಹುಚ್ಚು ಹೆಂಡತಿಗೆ ಮಾತೇ ಇಲ್ಲ. ಕೆರಿಬಿಯನ್ ದ್ವೀಪದಲ್ಲಿ ಹುಟ್ಟಿದ ಜೀನ್ ರಿಸ್ 1966ರಲ್ಲಿ ಆ ಹೆಂಡತಿಯ ಕಡೆಯಿಂದಲೇ ‘ವೈಡ್ ಸರ್ಗ್ಯಾಸೊ ಸೀ’ ಕಾದಂಬರಿ ಬರೆದರು.

ಹೀಗೆ ಹಳೆಯ ಪುಸ್ತಕವನ್ನೂ ಅದಕ್ಕೆ ಜಗಳವಾಡಿ ಕೊಟ್ಟ ಉತ್ತರವನ್ನೂ ಜೋಡಿಯಾಗಿ ಓದುವುದು ನನಗೆ ಬಹಳ ಇಷ್ಟ. ಆದರೂ ಒಂದು ಪುಸ್ತಕ ನಿಮ್ಮನ್ನೇ ಅವಮಾನಿಸುತ್ತಿದೆ ಅನಿಸಿದರೆ ಮುಚ್ಚಿಡಿ. ಯಾರಿಗೂ ಕಾರಣ ಹೇಳಬೇಕಿಲ್ಲ.

ಸಿನಿಮಾ ನೋಡಿ ಆಮೇಲೆ ಓದಬಹುದಾ?

ಓದಬಹುದು, ಮುಖಗಳು ನೆನಪಿರುತ್ತವೆ. ಮೋಸ ಹೋಗಲು ಮಾತ್ರ ತಯಾರಿರಿ. ‘ಫ್ರಾಂಕೆನ್‌ಸ್ಟೈನ್’ (1818) ಎಂದರೆ ಮಾತು ಬಾರದೆ ಗುರುಗುಟ್ಟುವ ರಾಕ್ಷಸ ಅಂದುಕೊಂಡಿದ್ದೆ. ಪುಸ್ತಕದಲ್ಲಿ ಅದು ವಿಜ್ಞಾನಿಯ ಹೆಸರು. ಅವನು ಸೃಷ್ಟಿಸಿದ ಜೀವಿಗೆ ಹೆಸರೇ ಇಲ್ಲ, ಆದರೆ ಮಾತಿಗೆ ನಿಂತರೆ ವಕೀಲರನ್ನೂ ಸೋಲಿಸುವಂತಿದ್ದಾನೆ.

ಆಡಿಯೊಬುಕ್ ಕೇಳಿದರೆ ಅದು ಓದಾ?

ಹೌದು. ಹೋಮರನ ಕಾವ್ಯದಲ್ಲಿ ಬೆಳಗಾದಾಗಲೆಲ್ಲ ‘ಗುಲಾಬಿ ಬೆರಳಿನ ಉಷೆ’ ಬರುತ್ತಾಳೆ. ಕಣ್ಣಲ್ಲಿ ಓದುವವರಿಗೆ ಇದು ಕಿರಿಕಿರಿ. ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಾಡುಗಾರರನ್ನು ಹುಡುಕಿಕೊಂಡು ಹೋಗಿ ಕೇಳಿದ. ಪುಸ್ತಕವಿಲ್ಲದೆ ಸಾವಿರಾರು ಸಾಲು ಕಟ್ಟುತ್ತಾ ಹಾಡುವವರಿಗೆ ಇಂಥ ಸಿದ್ಧ ಮಾತುಗಳು ಆಸರೆ ಎಂದು ತೋರಿಸಿದ. ಕಿವಿಗೆಂದೇ ಹುಟ್ಟಿದ್ದನ್ನು ಕಿವಿಯಲ್ಲೇ ಕೇಳಿದರೆ ಏನು ತಪ್ಪು?

ಉಚಿತವಾಗಿ ಎಲ್ಲಿ ಸಿಗುತ್ತವೆ?

1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಹಕ್ಕು ಮುಗಿದ ಹಳೆಯ ಪುಸ್ತಕಗಳು ಸಿಗುತ್ತವೆ. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿ ಸಿಗುತ್ತದೆ. ಒಂದು ಎಚ್ಚರ: ಮೂಲಕ್ಕೆ ಹಕ್ಕು ಮುಗಿದಿದ್ದರೂ ಹೊಸ ಅನುವಾದಕ್ಕೆ ಹಕ್ಕು ಇರುತ್ತದೆ. ಹಾಗಾಗಿ ಉಚಿತವಾಗಿ ಸಿಗುವ ಅನುವಾದಗಳು ಹೆಚ್ಚಾಗಿ ನೂರು ವರ್ಷ ಹಳೆಯವು.

ಪೂರ್ತಿ ಓದಿದೆ. ಇಷ್ಟವೇ ಆಗಲಿಲ್ಲ. ನನ್ನಲ್ಲೇ ಏನೋ ಕೊರತೆಯಾ?

ನಿಮ್ಮ ಜೊತೆಗೆ ಟಾಲ್‌ಸ್ಟಾಯ್ ಇದ್ದಾನೆ. ಅವನಿಗೆ ಶೇಕ್ಸ್‌ಪಿಯರ್ ಹಿಡಿಸಲೇ ಇಲ್ಲ. ರಷ್ಯನ್, ಇಂಗ್ಲಿಷ್, ಜರ್ಮನ್ ಮೂರರಲ್ಲೂ ಓದಿದ. ಎಪ್ಪತ್ತೈದು ದಾಟಿದ ಮೇಲೆ ‘ನಾನೇ ತಪ್ಪಿರಬಹುದು’ ಎಂದು ಮತ್ತೊಮ್ಮೆ ಎಲ್ಲ ಓದಿದ. ಆಗಲೂ ಬೇಸರವೇ. ಅದನ್ನೇ ಉದ್ದನೆಯ ಪ್ರಬಂಧವಾಗಿ ಬರೆದು ಪ್ರಕಟಿಸಿದ. ನಾನು ಅವನ ಮಾತು ಒಪ್ಪುವುದಿಲ್ಲ, ಆದರೆ ಸುಮ್ನೆ ತಲೆಯಾಡಿಸದೆ ಮತ್ತೆ ಓದಿ ನೋಡಿದನಲ್ಲ, ಅದು ಇಷ್ಟ.

ಅರ್ಧಕ್ಕೆ ಬಿಟ್ಟದ್ದನ್ನು ಮತ್ತೆ ಎತ್ತಿಕೊಂಡರೆ ಮೊದಲಿನಿಂದ ಓದಬೇಕಾ?

ಆರು ತಿಂಗಳ ಒಳಗಾದರೆ ಬೇಡ. ಬಿಟ್ಟ ಜಾಗದಿಂದ ಎರಡು ಅಧ್ಯಾಯ ಹಿಂದಕ್ಕೆ ಹೋಗಿ ಶುರು ಮಾಡಿ. ಅದಕ್ಕೂ ಹಳೆಯದಾಗಿದ್ದರೆ ಮೊದಲಿನಿಂದ ಓದಿ, ಎರಡನೇ ಸಲ ಬೇಗ ಸಾಗುತ್ತದೆ.

ಅರ್ಧಕ್ಕೆ ಬಿಡುವುದಕ್ಕೆ ನಾಚಿಕೆ ಬೇಡ. 1605ರಲ್ಲಿ ಬಂದ ‘ಡಾನ್ ಕ್ವಿಕ್ಸಟ್’ನ ಎಂಟನೇ ಅಧ್ಯಾಯದ ಕೊನೆಗೆ ನಾಯಕನೂ ಎದುರಾಳಿಯೂ ಕತ್ತಿ ಎತ್ತಿ ನಿಂತಿರುತ್ತಾರೆ. ಅಲ್ಲಿಗೆ ಕತೆ ನಿಲ್ಲುತ್ತದೆ. ಮುಂದಿನ ಹಾಳೆಗಳು ಸಿಕ್ಕಿಲ್ಲವಂತೆ! ಒಂಬತ್ತನೆಯದರಲ್ಲಿ ನಿರೂಪಕ ಟೊಲೆಡೊ ಪೇಟೆಯಲ್ಲಿ ಒಬ್ಬ ಹುಡುಗ ಮಾರುತ್ತಿದ್ದ ಹಳೆಯ ಕಾಗದದ ಕಟ್ಟು ನೋಡುತ್ತಾನೆ. ಅರಬ್ಬಿ ಬರಹ. ಓದಬಲ್ಲವನೊಬ್ಬನನ್ನು ಹಿಡಿದು ಕೇಳಿದರೆ ಅದೇ ಕತೆಯ ಮುಂದಿನ ಭಾಗ. ಕೂಲಿ ಕೊಟ್ಟು ಅನುವಾದ ಮಾಡಿಸುತ್ತಾನೆ. ಪುಟ ತಿರುಗಿಸಿದರೆ ಇಬ್ಬರೂ ಇನ್ನೂ ಕತ್ತಿ ಎತ್ತಿಕೊಂಡೇ ನಿಂತಿದ್ದಾರೆ.